ಒಗೆಯುವ ಕಲ್ಲಿನ ಮೇಲಿನ ಕೆಂಪು ಗೆರೆ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಮೊದಲು ನೌಕರಿ ಅಡ್ಡ ಬಂತು, ಆಮೇಲೆ ಮೊಣಕಾಲು ನೋವು, ಆಮೇಲೆ ಬೆಳಗಾವಿಯ ಖಾಸಬಾಗದ ಮನೆಗೆ ಬಣ್ಣ ಹಚ್ಚುವುದಿತ್ತು. ಈಗ ನೆವಗಳು ಮುಗಿದಿವೆ.

ಹತ್ತನೇ ಪಾಸಾದ ನಾನು ಆಟೋ ನಗರದ ಒಂದು ಸರ್ವೆ ಕಂಪನಿಯಲ್ಲಿದ್ದೆ. ಕೆರೆ, ನದಿಗಳ ತಳ ಅಳೆಯುವುದು ನಮ್ಮ ಕೆಲಸ. ದೋಣಿಗೆ ಕಟ್ಟಿದ ಯಂತ್ರ ನೀರೊಳಗೆ ಸದ್ದು ಕಳಿಸಿ ಆಳ ಹೇಳುತ್ತದೆ. ಆದರೆ ಅಂದು ನೀರು ಎಷ್ಟು ಎತ್ತರದಲ್ಲಿದೆ ಎಂಬುದನ್ನು ದಡದ ಮೇಲಿನ, ಅಲುಗದ ಒಂದು ಗುರುತಿನಿಂದ ಅಳೆದು ಮನುಷ್ಯನೇ ಬರೆಯಬೇಕು. ಖಾನಾಪುರದಲ್ಲಿ ಮಲಪ್ರಭೆಯನ್ನು ಅಳೆಯುವಾಗ ಆ ಮನುಷ್ಯ ನಾನು.

ಗುರುತು ಹಾಕಬೇಕಾದದ್ದು ಸೇತುವೆಯ ಕಂಬಕ್ಕೆ. ಅಲ್ಲಿಗೆ ಮುಳ್ಳುಕಂಟಿ ದಾಟಿ ಇಳಿಯಬೇಕು. ನಾನು ಉಳಿದುಕೊಂಡಿದ್ದ ಅಣ್ಣನ ಮನೆಯ ಹಿಂದೆಯೇ ನದಿ. ಅಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ಗೆಳತಿಯರೊಡನೆ ಮರಾಠಿಯಲ್ಲಿ ಹರಟುತ್ತ ಬಟ್ಟೆ ಒಗೆಯುತ್ತಿದ್ದರು. ಅವರ ಕಲ್ಲಿನ ಮೇಲೆ ಕೆಂಪು ಗೆರೆ ಎಳೆದೆ.

"ವೈನಿ, ಇದನ್ನ ಅಳಸಬ್ಯಾಡ್ರಿ."

"ನಿನ್ನ ಕಾಲರಿನ ಕೊಳಿನೇ ಹೋಗವಲ್ದು, ಇದೇನ ಹೋಗತೈತೋ!"

ಅವರು ಅಳಿಸಲಿಲ್ಲ, ಗೆರೆ ಬಿಟ್ಟು ಒಗೆದರು. ಆದರೆ ನೀರು ಇಳಿದಂತೆಲ್ಲ ಒಗೆಯುವವರು ಕಲ್ಲನ್ನೂ ಕೆಳಗೆ ಸರಿಸಿಕೊಳ್ಳುತ್ತಾರೆ. ಅದೇ ದಡದಲ್ಲಿ ಆಡಿ ಬೆಳೆದ ನನಗೆ ಅದು ನೆನಪಾಗಲಿಲ್ಲ. ಬೇಸಿಗೆ ಬಂದರೂ ನನ್ನ ಲೆಕ್ಕದಲ್ಲಿ ಮಲಪ್ರಭೆ ಒಂದಿಂಚೂ ಇಳಿಯಲಿಲ್ಲ. ಯಂತ್ರ ಮಾತ್ರ ಆಳ ಕಡಿಮೆಯಾಗುತ್ತಿದೆ ಎನ್ನುತ್ತಿತ್ತು. ನೀರು ಇಳಿದಿಲ್ಲ, ಆಳ ಕಡಿಮೆಯಾಗಿದೆ. ಅಂದಮೇಲೆ ತಳವೇ ಮೇಲೆದ್ದಿರಬೇಕು. ಹೂಳು ವಿಪರೀತ ತುಂಬುತ್ತಿದೆ ಎಂದು ಕಚೇರಿ ಗಾಬರಿಯಾಯಿತು. ಅದನ್ನು ಕಣ್ಣಾರೆ ನೋಡಲು ಸಾಹೇಬರೇ ಬಂದರು.

ಅವರು ಬಂದಾಗ ವೈನಿ ಕಲ್ಲು ಸರಿಸುತ್ತಿದ್ದರು. ಸಾಹೇಬರು ಗೆರೆಯನ್ನು ನೋಡಿದರು, ನನ್ನನ್ನು ನೋಡಿದರು. ನೌಕರಿ ಹೋಯಿತು ಎಂದುಕೊಂಡೆ.

"ಯಾರ್ರೀ ಈಕಿ?"

"ಗೊತ್ತಿಲ್ರಿ ಸರ್. ಯಾರೋ ಊರ ಹೆಂಗಸು. ಸರಸಬ್ಯಾಡ ಅಂತ ಎಷ್ಟ ಹೇಳಿದ್ರೂ ಕೇಳೂದಿಲ್ರಿ."

ವೈನಿ ಕಲ್ಲಿನಿಂದ ಕೈ ತೆಗೆದರು. ನಾನು ತೊಟ್ಟಿದ್ದ ಅಂಗಿ ಅವರೇ ಒಗೆದದ್ದು. ಸಾಹೇಬರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು, ನನ್ನನ್ನು. ದೋಣಿಯ ಆಳುಗಳು ಕಲ್ಲನ್ನು ಮಡುವಿಗೆ ಉರುಳಿಸಿದರು.

ರಾತ್ರಿ ತಾಟಿಗೆ ರೊಟ್ಟಿ ಹಾಕುತ್ತ ವೈನಿ ಹೇಳಿದರು: "ಅಳಸಬ್ಯಾಡ ಅಂದಿದ್ದಿ, ಅಳಸಿಲ್ಲಪಾ. ಸರಸಬ್ಯಾಡ ಅಂತ ಯಾವಾಗ ಅಂದಿದ್ದಿ?"

ಇನ್ನೊಂದು ರೊಟ್ಟಿ ಬೇಡ ಎಂದೆ, ಅಷ್ಟೇ. ಅಂದಿನಿಂದ ಅವರು ನದಿಗೆ ಹೋಗಲಿಲ್ಲ. ಹಿತ್ತಲ ನಳದ ಕೆಳಗೆ, ಹರಟೆಯಿಲ್ಲದೆ, ಒಬ್ಬರೇ ಒಗೆದರು.

ನನಗೆ ಮಾತ್ರ ಇದರಿಂದ ಗೌರವವೇ ಬಂತು. ಬೆಳಗಾವಿಯ ಕೆರೆಗಳಲ್ಲಿ ಹೊಸಬರಿಗೆ ನಾನೇ ಪಾಠ ಹೇಳಿದೆ: ಅಲುಗುವ ಕಲ್ಲಿಗೆ ಗುರುತು ಹಾಕಬೇಡಿ, ಖಾನಾಪುರದಲ್ಲಿ ಯಾರೋ ಒಬ್ಬ ಹೆಂಗಸು ಇಡೀ ನದಿಯನ್ನೇ ಕೆಡಿಸಿದ್ದಳು. ಪ್ರತಿ ಸಲವೂ ಎಲ್ಲರೂ ನಕ್ಕರು.

ಈಗಲೂ ಖಾನಾಪುರಕ್ಕೆ ಹೋದರೆ ಚಹಾ ಕುಡಿದು, ಮಳೆಯ ಮಾತಾಡಿ, ಬಸ್ ಹಿಡಿಯುತ್ತೇನೆ. ಚಹಾ ಕೊಡುವವರು ಅವರೇ. ಆ ಯಾರೋ ಹೆಂಗಸು ನನ್ನ ವೈನಿ.