ಎನ್ನಲಾಗಿದೆ

ಪತ್ರಿಕೆಯಲ್ಲಿ ದುಡಿಯುವ ನನಗೆ ಖಾತ್ರಿಯಿಲ್ಲದ ಪ್ರತಿ ವಾಕ್ಯದ ಕೊನೆಗೂ ‘ಎನ್ನಲಾಗಿದೆ’ ಸೇರಿಸುವ ಚಾಳಿ. ಕಿರಿಮಂಜೇಶ್ವರದ ಕಡಲತಡಿಯ ಬೊಬ್ಬರ್ಯನ ಕಲ್ಲಿನ ಬಗ್ಗೆಯೂ ಹಾಗೆಯೇ ಬರೆದೆ: ‘ದಾರಿ ತಪ್ಪಿದ ದೋಣಿಗಳನ್ನು ಈ ದೈವ ದಡ ಸೇರಿಸುತ್ತದೆ ಎನ್ನಲಾಗಿದೆ.’

ಅದು ಅಚ್ಚಾದ ದಿನ ಗಾಳಿ ಜೋರಾಗಿತ್ತು. ನಮ್ಮ ಮನೆಗೆ ಮೀನು ತರುವ ಅಕ್ಕ ಬರಿಗೈಯಲ್ಲಿ ಬಂದು ಪತ್ರಿಕೆ ತೋರಿಸಿದರು. “ಹ್ವಾಯ್, ನಮ್ಮನಿಯವ್ರ್ ನಿನ್ನೆ ಕಡಲಿಗ್ ಹೋದವ್ರ್ ಇನ್ನೂ ಬರ್ಲಿಲ್ಲ. ಈ ‘ಎನ್ನಲಾಗಿದೆ’ ಅಂದ್ರೆ ಎಂತ? ಬತ್ರಾ, ಇಲ್ಯಾ?”

“ಬತ್ರ್” ಎಂದೆ. ಯಾವ ಮೂಲವನ್ನೂ ವಿಚಾರಿಸದೆ ನಾನು ಕೊಟ್ಟ ಮೊದಲ ಸುದ್ದಿ ಅದು. ಆಮೇಲೆ ಇಬ್ಬರೂ ಕಲ್ಲಿನ ಬಳಿಗೆ ನಡೆದೆವು.

ಸಂಜೆಗೆ ದೋಣಿ ಬಂತು. ಅಷ್ಟರೊಳಗೆ ವರದಿಗಾರರೊಬ್ಬರು ಚಪ್ಪಲಿ ಕಳಚಿಟ್ಟು ಆ ಕಲ್ಲಿಗೆ ಮೂರು ಬಾರಿ ಅಡ್ಡಬಿದ್ದಿದ್ದರು ಎನ್ನಲಾಗಿದೆ.