ಕಪ್ತಾನ ಝಾನಿಸನ ಆಕಳಿಕೆಯೂ ಆರು ಗಂಟೆಯ ಜ್ಞಾನಸ್ನಾನವೂ

ಮಿಲೋಸ್ ದ್ವೀಪದಲ್ಲಿ ಗಾಳಿ ಹುಟ್ಟುವುದು ಉತ್ತರ ದಿಕ್ಕಿನಲ್ಲಲ್ಲ, ಕಪ್ತಾನ ಝಾನಿಸನ ಬಾಯಲ್ಲಿ ಎಂದು ನಂಬುವವರು ಅದಾಮಾಸ್ ಬಂದರಿನಲ್ಲಿ ಇಂದಿಗೂ ಇದ್ದಾರೆ. ಬೆಳಿಗ್ಗೆ ಏಳಕ್ಕೆ ಕಟ್ಟೆಯ ಮೇಲೆ ನಿಂತು ಅವನು ಒಮ್ಮೆ ಆಕಳಿಸಿದನೆಂದರೆ ಎದುರಿನ ಬೇಕರಿಯವಳು ಆಕಳಿಸುತ್ತಾಳೆ; ಅವಳನ್ನು ನೋಡಿ ಟಿಕೆಟ್ ಕೊಡುವವನು, ಅವನನ್ನು ನೋಡಿ ಬಂದರಿನ ಪೊಲೀಸಿನವನು. ಕೊನೆಗೆ ಅಥೆನ್ಸಿನ ಪಿರೇಯಸ್ ಬಂದರಿನಿಂದ ಬಂದ ದೊಡ್ಡ ಹಡಗು ಕೂಡ ತನ್ನ ಕಬ್ಬಿಣದ ಬಾಯನ್ನು ನಿಧಾನವಾಗಿ ತೆರೆದು ಲಾರಿಗಳನ್ನು ಹೊರಗೆ ಕಕ್ಕುತ್ತದೆ. ಆಚೆ ಕಿಮೊಲೋಸ್ ದ್ವೀಪದ ಆಡುಗಳು ಮೇಯುವುದನ್ನು ಬಿಟ್ಟು ಮಲಗಿಬಿಡುತ್ತವೆ ಎಂಬುದಕ್ಕೆ ಮಾತ್ರ ಸಾಕ್ಷಿ ಸಿಕ್ಕಿಲ್ಲ. ಕಿಮೊಲೋಸಿನವರು ಮಿಲೋಸಿನವರ ಬಗ್ಗೆ ಏನು ಬೇಕಾದರೂ ಹೇಳುತ್ತಾರೆ.

ಆ ಆಕಳಿಕೆಗೆ ಒಂದು ಕ್ರಮವಿತ್ತು. ಮೊದಲು ದವಡೆ ಎಡಕ್ಕೆ ಸರಿಯುತ್ತಿತ್ತು, ಆಮೇಲೆ ಕಣ್ಣಲ್ಲಿ ನೀರು, ಕೊನೆಯಲ್ಲಿ ಎದೆಯ ತಳದಿಂದ ಎದ್ದು ಬರುವ ಒಂದು ದೀರ್ಘವಾದ ‘ಹ್ಞೂಂ’. ಅದು ಒಪ್ಪಿಗೆಯೋ ಬರೀ ಗಾಳಿಯೋ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ‘ಹ್ಞೂಂ’ನ ಕೃಪೆಯಿಂದ ಅವನು ಹಿಂದೊಮ್ಮೆ ಬೇಡದ ಒಂದು ಹೇಸರಗತ್ತೆಯ ಯಜಮಾನನಾಗಿದ್ದ, ಎರಡು ಸಲ ಮದುವೆಯಾಗುವುದು ಸ್ವಲ್ಪದರಲ್ಲಿ ತಪ್ಪಿತ್ತು.

ಆದರೆ ಮನುಷ್ಯ ಸೋಮಾರಿಯಲ್ಲ, ದಣಿದಿದ್ದ. ಏಪ್ರಿಲ್‌ನಿಂದ ಅಕ್ಟೋಬರಿನವರೆಗೆ ‘ಗಲಿನಿ’ ಎಂಬ ಜೋಡಿ ಒಡಲಿನ ಕಟಮರಾನ್ ದೋಣಿಯನ್ನು ದಿನಾ ಬೆಳಿಗ್ಗೆ ಬಿಟ್ಟು, ದ್ವೀಪವನ್ನು ಅರ್ಧ ಸುತ್ತಿಸಿ, ಸಂಜೆ ತಂದು ಕಟ್ಟುವುದು ಅವನ ಕೆಲಸ. ಅಥೆನ್ಸಿನಲ್ಲಿ ಕೂತಿದ್ದ ದೋಣಿಯ ಧಣಿಗಳು ಫೋನಿನಲ್ಲಿ ದಿನ ಹೇಳುತ್ತಿದ್ದರು, ಇವನು ಹೋಗುತ್ತಿದ್ದ. ಅದೇ ಬಿಳಿ ಬಂಡೆ, ಅದೇ ಗುಹೆ, ‘ಇಲ್ಲಿ ಕಡಲ್ಗಳ್ಳರು ಅಡಗುತ್ತಿದ್ದರು’ ಎಂಬ ಅದೇ ಮಾತು. ಅರವತ್ತೊಂದರ ವಯಸ್ಸಿನಲ್ಲಿ ಮೊಣಕಾಲು ಹಗ್ಗದ ಗಂಟಿನಂತಾಗಿತ್ತು. ರಜೆ ಎಂಬ ಪದ ಕೇಳಿದರೆ ಸತ್ತುಹೋದ ಸಂಬಂಧಿಕರ ಹೆಸರು ಕೇಳಿದವನಂತೆ ತಲೆ ಅಲ್ಲಾಡಿಸುತ್ತಿದ್ದ.

ಆ ವರ್ಷದ ಕೊನೆಯ ಯಾನ ಬಿದ್ದಿದ್ದು ಅಕ್ಟೋಬರಿನ ಮೊದಲ ಶನಿವಾರ. ಇಡೀ ದೋಣಿಯನ್ನು ಇಬ್ಬರೇ ಬಾಡಿಗೆಗೆ ಹಿಡಿದಿದ್ದರು: ಅಥೆನ್ಸಿನ ನಿವೃತ್ತ ನೋಟರಿ ಪೆರಿಯಾಂದ್ರೋಸ್ ಮತ್ತು ಅವನ ಅಕ್ಕ, ಮೂವತ್ತು ವರ್ಷ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಎವಾಂಥಿಯಾ. ಅಂದೇ ಸಂಜೆ ಆರಕ್ಕೆ ಕ್ಲಿಮಾ ಎಂಬ ಮೀನುಗಾರರ ಕೇರಿಯ ಚಿಕ್ಕ ಚರ್ಚಿನಲ್ಲಿ ಒಂದು ಹೆಣ್ಣು ಕೂಸಿನ ಜ್ಞಾನಸ್ನಾನ. ಕೂಸನ್ನು ಎತ್ತಿಕೊಂಡು ಪಾದ್ರಿಗೆ ಅದರ ಹೆಸರು ಹೇಳಬೇಕಾದ ಜ್ಞಾನತಂದೆ ಝಾನಿಸ್.

ಕೂಸು ಅವನ ತಮ್ಮ ಫ್ರಾಂಗೂಲಿಸನ ಮೊಮ್ಮಗಳು. ಅಣ್ಣತಮ್ಮಂದಿರ ನಡುವೆ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಅಪ್ಪ ಸತ್ತ ಮೇಲೆ ಅವನ ನೀಲಿ ಮರದ ದೋಣಿಯನ್ನು ಹಿರಿಯನಾದ ಝಾನಿಸ್ ತಮ್ಮನನ್ನು ಕೇಳದೆ ಮಾರಿದ್ದ. ಕೊಂಡವರು ಅದನ್ನು ನೀರಿಗಿಳಿಸಲಿಲ್ಲ. ಪಕ್ಕದ ದ್ವೀಪದ ಹೋಟೆಲೊಂದರ ಅಂಗಳದಲ್ಲಿಟ್ಟು, ಹೊಟ್ಟೆಗೆ ಮಂಜುಗಡ್ಡೆ ತುಂಬಿ, ಮೇಲೆ ಮೀನು ಜೋಡಿಸಿದರು. ಫ್ರಾಂಗೂಲಿಸ್ ಹೋಗಿ ನೋಡಿ ಬಂದು ಹೇಳಿದ್ದು ಇಷ್ಟೇ: ಅಪ್ಪ ಮೂವತ್ತು ವರ್ಷ ಮೀನು ಹಿಡಿದ ದೋಣಿಯನ್ನು ಅಣ್ಣ ಮೀನಿನ ತಟ್ಟೆ ಮಾಡಿದ. ಅಂದಿನಿಂದ ಇವನು ಕಾಫಿ ಅಂಗಡಿಗೆ ಬಂದರೆ ಅವನು ಎದ್ದು ಹೋಗುತ್ತಿದ್ದ, ಅವನು ಬಂದರೆ ಇವನು. ಅಂಗಡಿಯವನು ಇಬ್ಬರಿಗೂ ಅರ್ಧ ಲೋಟವೇ ಸುರಿಯತೊಡಗಿದ್ದ.

ಈಗ ಫ್ರಾಂಗೂಲಿಸನ ಮಗಳು ಕಲಿರೋಯಿ ಹಟ ಹಿಡಿದು ದೊಡ್ಡಪ್ಪನನ್ನೇ ಜ್ಞಾನತಂದೆಯಾಗಿ ಆರಿಸಿದ್ದಳು. ಫ್ರಾಂಗೂಲಿಸ್ ಮಗಳ ಮೂಲಕ ಹೇಳಿ ಕಳಿಸಿದ: ಬರಲಿ, ಆದರೆ ಆರು ಗಂಟೆ ಅಂದರೆ ಆರು ಗಂಟೆ. ತಡವಾದರೆ ಕೂಸನ್ನು ತಾನೇ ಎತ್ತಿಕೊಳ್ಳುತ್ತೇನೆ, ಅವನ ಮುಖವನ್ನು ತನ್ನ ಹೆಣವೂ ನೋಡುವುದಿಲ್ಲ. ಪಾದ್ರಿಯೂ ಬಸ್ಸೂ ಅರ್ಧ ಗಂಟೆ ತಡವಾಗಿ ಬರುವ ದ್ವೀಪದಲ್ಲಿ ಈ ಷರತ್ತು ಯುದ್ಧ ಘೋಷಣೆಗೆ ಸಮ.

ಯಾನ ಮುಗಿಸಿ ಮನೆಗೆ ಹೋಗುವಷ್ಟು ಹೊತ್ತಿಲ್ಲವೆಂದು ಝಾನಿಸ್ ಬೇಕಾದದ್ದನ್ನೆಲ್ಲ ದೋಣಿಯಲ್ಲೇ ಇಟ್ಟುಕೊಂಡ. ಜ್ಞಾನತಂದೆ ತರಬೇಕಾದದ್ದು ಎಣ್ಣೆ, ಸೋಪು, ಮೇಣದಬತ್ತಿ, ಕೂಸಿನ ಬಟ್ಟೆ, ನೀರಿನಿಂದ ತೆಗೆದ ಕೂಸನ್ನು ಸುತ್ತುವ ಬಿಳಿ ವಸ್ತ್ರ. ಎಲ್ಲರೂ ಇದನ್ನು ಅಂಗಡಿಯಲ್ಲಿ ಜರಿ ಹಚ್ಚಿದ ಪೆಟ್ಟಿಗೆಯಾಗಿ ಕೊಳ್ಳುತ್ತಾರೆ. ಮದುವೆಯಾಗದ ಝಾನಿಸನಿಗೆ ಅದು ಹೊಳೆಯಲಿಲ್ಲ. ಸ್ವಂತ ಮರದ ಆಲಿವ್ ಎಣ್ಣೆಯನ್ನು ಬಾಟಲಿಗೆ ತುಂಬಿ ಬಿಳಿ ರಿಬ್ಬನ್ ಕಟ್ಟಿದ. ವಸ್ತ್ರಕ್ಕೆ ಅಮ್ಮನ ಪೆಟಾರಿ ತೆಗೆದ. ತನ್ನನ್ನೂ ತಮ್ಮನನ್ನೂ ಸುತ್ತಿದ್ದ ಹಳೆಯ ಹತ್ತಿಯ ಬಟ್ಟೆ ಅಲ್ಲಿತ್ತು, ಮೂಲೆಯಲ್ಲಿ ಅಮ್ಮ ಹೊಲಿದ ಪುಟ್ಟ ಶಿಲುಬೆ. ಎಲ್ಲವನ್ನೂ ಒಂದು ಬಿಯರ್ ರಟ್ಟಿನ ಪೆಟ್ಟಿಗೆಗೆ ಹಾಕಿ ಅಡುಗೆ ಕೋಣೆಯ ಮೂಲೆಗೆ ತಳ್ಳಿದ. ಯಾರಿಗೂ ಹೇಳಲಿಲ್ಲ. ಹೇಳಲು ಬಾಯಿ ತೆರೆದಿದ್ದ, ಆಕಳಿಕೆ ಬಂತು.

ಗಾಳಿ ಉತ್ತರದಿಂದ ಬೀಸುತ್ತಿದ್ದರಿಂದ ದೋಣಿ ದಕ್ಷಿಣದ ಮಗ್ಗುಲಿಗೆ, ಕ್ಲೆಫ್ಟಿಕೊದ ಬಿಳಿ ಬಂಡೆಗಳ ಮರೆಗೆ ಹೋಯಿತು. ಹನ್ನೆರಡೂವರೆಗೆ ಲಂಗರು ಬಿತ್ತು. ಪೆರಿಯಾಂದ್ರೋಸ್ ನೀರಿಗೆ ಧುಮುಕಿದ, ಅಕ್ಕ ನೆರಳಲ್ಲಿ ಕೂತು ಪದಬಂಧ ಬಿಡಿಸತೊಡಗಿದಳು, ಝಾನಿಸ್ ಹತ್ತು ನಿಮಿಷವೆಂದು ಹಾಯಿಬಟ್ಟೆಯ ಮೇಲೆ ಒರಗಿದ.

ಅಡುಗೆಯ ಸ್ತಮಾತೀನಾ ಎಂಟು ವರ್ಷದಿಂದ ಅವನ ಜೊತೆಗಿದ್ದವಳು. ಎಣ್ಣೆಯ ಡಬ್ಬವನ್ನು ಬಂದರಿನ ಕಟ್ಟೆಯ ಮೇಲೆ ಮರೆತು ಬಂದದ್ದು ಟೊಮ್ಯಾಟೊ ಹೆಚ್ಚಿದ ಮೇಲೆ ಅವಳಿಗೆ ನೆನಪಾಯಿತು. ಹುಡುಕುವಾಗ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮೇಲ್ಗಡೆ ರಿಬ್ಬನ್ ಕಟ್ಟಿದ ಬಾಟಲಿ, ಮಡಿಸಿದ ಬಿಳಿ ಬಟ್ಟೆ; ಅದರಡಿ ಏನಿದೆಯೆಂದು ಅವಳು ನೋಡಲಿಲ್ಲ. ಇಬ್ಬರೇ ಬರುವ ದೊಡ್ಡ ಗಿರಾಕಿಗಳಿಗೆ ಧಣಿಗಳು ಇಂಥ ಉಡುಗೊರೆ ಕಳಿಸುವುದುಂಟು. ಆದರೂ ಅವಳು ಜವಾಬ್ದಾರಿಯುಳ್ಳ ಹೆಂಗಸು. ಮೇಲೆ ಬಂದು ಆ ಪೆಟ್ಟಿಗೆಯಲ್ಲಿರುವುದನ್ನು ಅತಿಥಿಗಳಿಗೆ ಕೊಡಲೇ ಎಂದು ಕೇಳಿದಳು. ಮಲಗಿದ್ದವನ ದವಡೆ ಎಡಕ್ಕೆ ಸರಿಯಿತು, ಮುಚ್ಚಿದ ಕಣ್ಣಿನಿಂದ ನೀರು ಜಿನುಗಿತು, ಎದೆಯ ತಳದಿಂದ ಆಜ್ಞೆ ಎದ್ದು ಬಂತು.

‘ಹ್ಞೂಂ.’

ಊಟ ಅದ್ಭುತವಾಗಿತ್ತು. ಟೊಮ್ಯಾಟೊ, ಕೇಪರ್ ಮೊಗ್ಗು, ಗಿಣ್ಣಿನ ಮೇಲೆ ಎಣ್ಣೆ ಹಸಿರಾಗಿ ಹರಿಯಿತು. ಪೆರಿಯಾಂದ್ರೋಸ್ ಒದ್ದೆ ಚಡ್ಡಿ ಕಳಚಿ ಬಿಳಿ ಬಟ್ಟೆ ಸೊಂಟಕ್ಕೆ ಸುತ್ತಿಕೊಂಡು ಕೂತು, ಬ್ರೆಡ್ಡಿನಿಂದ ತಟ್ಟೆಯನ್ನು ಮೂರು ಸಲ ಒರೆಸಿದ, ಇಂಥ ಎಣ್ಣೆಯನ್ನು ಅಥೆನ್ಸಿನಲ್ಲಿ ಕಂಡಿಲ್ಲವೆಂದು ಹೊಗಳಿದ, ಇನ್ನಷ್ಟು ಸುರಿಸಿಕೊಂಡ. ಮೂರು ಗಂಟೆಗೆ ಹತ್ತು ನಿಮಿಷವಿರುವಾಗ ಅಕ್ಕ ಪದಬಂಧದಿಂದ ತಲೆಯೆತ್ತಿದಳು. ಅವಳ ಕಣ್ಣು ತಮ್ಮನ ಹೊಟ್ಟೆಯ ಮೇಲೆ ನಿಂತಿತು.

‘ಪೆರಿಯಾಂದ್ರೋ, ನಿನಗೆ ಅರವತ್ತೆಂಟು ವರ್ಷ. ಯಾರ ಜ್ಞಾನಸ್ನಾನದ ಬಟ್ಟೆ ಉಟ್ಕೊಂಡು ಕೂತಿದ್ದೀಯ?’

ಝಾನಿಸ್ ಎದ್ದ. ಶಿಲುಬೆ ನೋಡಿದ, ಬಾಟಲಿ ನೋಡಿದ. ತಳದಲ್ಲಿ ಎರಡು ಬೆರಳಿನಷ್ಟು ಎಣ್ಣೆ ಉಳಿದಿತ್ತು. ಗಡಿಯಾರ ನೋಡಿದ. ಎರಡಕ್ಕೇ ಹೊರಡಬೇಕಿತ್ತು; ಮೆಟ್ಟಿಲ ಮೇಲೆ ಕೂತುಬಿಟ್ಟ. ಸ್ತಮಾತೀನಾ ಮೂರು ಸಲ ಎದೆಯ ಮೇಲೆ ಶಿಲುಬೆ ಬರೆದುಕೊಂಡು, ಆಮೇಲೆ ಸಿಟ್ಟನ್ನೆಲ್ಲ ಅವನ ಮೇಲೆಯೇ ತಿರುಗಿಸಿದಳು.

‘ಜಗತ್ತಲ್ಲಿ ಯಾವ ಜ್ಞಾನತಂದೆ ಬಿಯರ್ ಪೆಟ್ಟಿಗೇಲಿ ತರ್ತಾನೆ ಕಪ್ತಾನ್ರೇ? ಕೇಳಿದ್ದಕ್ಕೆ ಹ್ಞೂಂ ಅಂದ್ರಿ. ಆ ಬಾಯಿಗೆ ಒಂದು ಮುಚ್ಚಳ ಮಾಡಿಸ್ಕೊಳ್ಳಿ.’

ಕಥೆಯೆಲ್ಲ ಹೊರಬಿತ್ತು. ನೀಲಿ ದೋಣಿ, ಒಂಬತ್ತು ವರ್ಷ, ಆರು ಗಂಟೆ. ಪೆರಿಯಾಂದ್ರೋಸ್ ಬಟ್ಟೆ ಬಿಚ್ಚಿ ಕೊಟ್ಟು ಟೋಪಿಯಿಂದ ಮಾನ ಮುಚ್ಚಿಕೊಂಡ. ಆದರೂ ನೋಟರಿ ನೋಟರಿಯೇ: ಧಣಿಗಳು ಕಪ್ತಾನನಿಗೆ ಹೇಳಿರದ ಒಪ್ಪಂದದ ಪ್ರಕಾರ ಏಳರವರೆಗೆ ದೋಣಿ ತಮ್ಮದು, ಸಮುದ್ರದ ಮೇಲಿನ ಸೂರ್ಯಾಸ್ತ ಅದರಲ್ಲಿ ಸೇರಿದೆ ಎಂದು ಮೆಲ್ಲಗೆ ನೆನಪಿಸಿದ. ಅಕ್ಕ ಅವನತ್ತ ನೋಡಲೂ ಇಲ್ಲ.

‘ಸೂರ್ಯ ನಾಳೆನೂ ಮುಳುಗ್ತಾನೆ. ಏಳಿ ಕಪ್ತಾನ್, ದೋಣಿ ತಿರುಗಿಸಿ.’

ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದ ದನಿ ಅದು. ಲಂಗರು ಕೂಡ ತಾನಾಗಿಯೇ ಮೇಲೆ ಬಂದಂತಿತ್ತು.

ಅಲ್ಲಿಂದ ಮುಂದಿನ ಯಾನವನ್ನು ಕ್ಲಿಮಾದವರು ಈಗ ಹೇಳುವ ರೀತಿಯೇ ಬೇರೆ; ಮನೆಯೆತ್ತರದ ಅಲೆಗಳು, ಹಾಯಿಕಂಬಕ್ಕೆ ಕಟ್ಟಿಹಾಕಿದ ನೋಟರಿ. ನಿಜ ಏನೆಂದರೆ ವಾನಿ ಭೂಶಿರದವರೆಗೂ ಎದುರುಗಾಳಿ, ಎರಡು ಎಂಜಿನ್ನುಗಳ ಏಕತಾನದ ಗೊರಗೊರ, ಮುಖಕ್ಕೆ ಉಪ್ಪುನೀರು. ನೋಟರಿ ತಿಂದ ಎಣ್ಣೆಯ ಬಹುಭಾಗ ಸಮುದ್ರದ ಪಾಲಾಯಿತು. ಸ್ತಮಾತೀನಾ ಬಟ್ಟೆಯನ್ನು ಸಿಹಿನೀರಲ್ಲಿ ಎರಡು ಸಲ ತೊಳೆದು ಹಿಂಡಿ, ಗಾಳಿಗೆ ಬೇಗ ಒಣಗಲೆಂದು ಹಾಯಿಕಂಬದ ಹಗ್ಗಕ್ಕೆ ಕಟ್ಟಿ ಮೇಲಕ್ಕೆಳೆದಳು.

ಝಾನಿಸ್ ಚುಕ್ಕಾಣಿ ಹಿಡಿದು ನಿಂತೇ ಇದ್ದ. ನಿದ್ದೆ ಬಾರದಿರಲೆಂದು ಎವಾಂಥಿಯಾ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದಳು. ಅಪ್ಪನ ದೋಣಿಯನ್ನು ಮಾರಿದ್ದೇಕೆ ಎಂದೂ ಕೇಳಿದಳು. ಒಂಬತ್ತು ವರ್ಷದಲ್ಲಿ ಯಾರೂ ಹಾಗೆ ನೇರವಾಗಿ ಕೇಳಿರಲಿಲ್ಲ. ದುಡ್ಡಿಗಾಗಿ ಎಂದು ತಮ್ಮ ನಂಬಿದ್ದ, ಹೊಟ್ಟೆಕಿಚ್ಚಿಗೆ ಎಂದು ಕಾಫಿ ಅಂಗಡಿ ನಂಬಿತ್ತು. ಝಾನಿಸ್ ಒಂದು ಅಲೆಗೆ ಚುಕ್ಕಾಣಿ ತಿರುಗಿಸಿದ. ಮರದ ದೋಣಿಗೆ ಪ್ರತಿ ಚಳಿಗಾಲವೂ ಕೀಸಿ, ಸಂದಿ ತುಂಬಿ, ಬಣ್ಣ ಬಳಿಯಬೇಕು. ಅಪ್ಪ ಹಾಸಿಗೆ ಹಿಡಿದ ಆರು ವರ್ಷ ಆ ಕೆಲಸವನ್ನೂ ಅಪ್ಪನನ್ನೂ ಅವನೊಬ್ಬನೇ ನೋಡಿಕೊಂಡಿದ್ದ. ತಮ್ಮ ಆಗ ಸರಕಿನ ಹಡಗಿನಲ್ಲಿ ದೂರ ದೇಶದಲ್ಲಿದ್ದ.

‘ಸುಸ್ತಾಗಿತ್ತು ಕಣಮ್ಮ,’ ಎಂದ.

ಅವಳು ತಲೆಯಾಡಿಸಿದಳು.

ಐದೂಮುಕ್ಕಾಲಿಗೆ ಭೂಶಿರ ದಾಟಿದರು. ಆರು ಹೊಡೆಯುವಾಗ ಕ್ಲಿಮಾದ ಬಣ್ಣದ ಬಾಗಿಲುಗಳು ದೂರದಲ್ಲಿ ಸಣ್ಣ ಚುಕ್ಕೆಗಳಾಗಿದ್ದವು. ಝಾನಿಸ್ ಗಡಿಯಾರವನ್ನು ಕೈಯಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡ. ಸ್ತಮಾತೀನಾ ಕೇಳದೆಯೇ ಅವನಿಗೊಂದು ಕಾಫಿ ತಂದಿಟ್ಟಳು. ಎಂಟು ವರ್ಷದಲ್ಲಿ ಇದೇ ಮೊದಲು. ದೋಣಿಯನ್ನು ದಡದಿಂದ ಸ್ವಲ್ಪ ದೂರದಲ್ಲೇ ನಿಲ್ಲಿಸಿ, ಬಟ್ಟೆ ಇಳಿಸಿ, ಎಲ್ಲರೂ ಪುಟ್ಟ ರಬ್ಬರ್ ದೋಣಿಯಲ್ಲಿ ದಡ ಸೇರಿ ಮೆಟ್ಟಿಲು ಹತ್ತುವಷ್ಟರಲ್ಲಿ ಏಳು ಗಂಟೆಗೆ ಹತ್ತೇ ನಿಮಿಷ ಬಾಕಿ. ಸೂರ್ಯ ನೋಟರಿಯ ಬೆನ್ನ ಹಿಂದೆ ಮುಳುಗುತ್ತಿದ್ದ; ಅವನು ತಿರುಗಿಯೂ ನೋಡಲಿಲ್ಲ.

ಚರ್ಚಿನ ಮುಂದೆ ಕಲಿರೋಯಿ ಕೂಸನ್ನೆತ್ತಿಕೊಂಡು ನಿಂತಿದ್ದಳು. ಕೂಸಿಗೆ ಇನ್ನೂ ಒಂದು ಹನಿ ನೀರೂ ಸೋಕಿರಲಿಲ್ಲ.

‘ಒಳಗೆ ಬಾ ದೊಡ್ಡಪ್ಪ,’ ಎಂದಳು ಪಿಸುಮಾತಿನಲ್ಲಿ. ‘ಆರಕ್ಕೆ ಪಾದ್ರಿಗಳು ಶುರು ಮಾಡ್ತೀನಿ ಅಂದ್ರು. ಅಪ್ಪ ಕೈ ಹಾಕಿ ನೋಡಿ, ನೀರು ತಣ್ಣಗಿದೆ ಅಂತ ವಾಪಸ್ ಕಾಯಿಸೋಕೆ ಕಳಿಸಿದ್ರು. ಆಮೇಲೆ ತುಂಬಾ ಬಿಸಿ ಅಂದ್ರು. ಆಮೇಲೆ ಮತ್ತೆ ತಣ್ಣಗಾಯ್ತು ಅಂದ್ರು. ಈಗಷ್ಟೇ ಮೂರನೇ ಸಲ ಕಾಯಿಸಿ ತಂದಿದ್ದಾರೆ.’

ಫ್ರಾಂಗೂಲಿಸ್ ಒಳಗೆ ನೀರಿನ ಕೊಪ್ಪರಿಗೆಯ ಪಕ್ಕ ತೋಳು ಮಡಿಸಿ ನಿಂತಿದ್ದ. ಅಣ್ಣನನ್ನು ನೋಡಿ ಕೈಯನ್ನು ಮೊಣಕೈಯವರೆಗೆ ನೀರಿಗಿಳಿಸಿ, ಈಗ ಸರಿಯಾಗಿದೆ ಎಂದು ಪಾದ್ರಿಗೆ ಹೇಳಿದ. ಅಣ್ಣನಿಗೆ ಏನೂ ಹೇಳಲಿಲ್ಲ.

ಎರಡು ಬೆರಳು ಎಣ್ಣೆಯಲ್ಲಿ ಇಡೀ ಕೂಸಿಗೆ ಹಚ್ಚುವುದು ಹೇಗೆಂದು ಪಾದ್ರಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ನೋಟರಿ ಮೋರೆ ಕೆಳಗೆ ಮಾಡಿದ. ಫ್ರಾಂಗೂಲಿಸ್ ಚರ್ಚಿನ ದೀಪಕ್ಕೆ ಇಟ್ಟಿದ್ದ ಎಣ್ಣೆಯನ್ನು ತಂದು ಅದಕ್ಕೆ ಸುರಿದ. ಆಮೇಲೆ ಪಾದ್ರಿ ಕೂಸಿನ ಹೆಸರೇನೆಂದು ಕೇಳಿದರು. ಆ ಗಳಿಗೆಯಲ್ಲೇ ಝಾನಿಸನ ದವಡೆ ಎಡಕ್ಕೆ ಸರಿಯಿತು. ಇಡೀ ಚರ್ಚು ಉಸಿರು ಹಿಡಿಯಿತು. ಕಣ್ಣಲ್ಲಿ ನೀರು ಬಂತು, ಕತ್ತಿನ ನರ ಉಬ್ಬಿತು, ಗಂಟಲು ಒಮ್ಮೆ ಮೇಲಕ್ಕೂ ಕೆಳಕ್ಕೂ ಹೋಯಿತು, ಕಪ್ತಾನ ಝಾನಿಸ್ ತನ್ನ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಆಕಳಿಕೆಯನ್ನು ಇಡಿಯಾಗಿ ನುಂಗಿದ.

‘ಅನೆಝಿನಾ,’ ಎಂದ. ಅದು ಅವರಮ್ಮನ ಹೆಸರು.

ಕೂಸು ಮೂರು ಸಲ ಮುಳುಗಿ, ದ್ವೀಪವೇ ಅದುರುವಂತೆ ಅತ್ತು, ಮುತ್ತಜ್ಜಿಯ ಬಟ್ಟೆಯೊಳಗೆ ಸುಮ್ಮನಾಯಿತು. ಬಟ್ಟೆ ಗಾಳಿಗೆ ಗರಿಗರಿಯಾಗಿ ಒಣಗಿತ್ತು.

ಆಮೇಲೆ ಅಂಗಳದಲ್ಲಿ ಬಾದಾಮಿ ಮಿಠಾಯಿ ಹಂಚುತ್ತಿದ್ದರು. ನೋಟರಿ ಎರಡನೆಯ ಲೋಟ ವೈನಿನಲ್ಲಿದ್ದ. ಅವನ ಅಕ್ಕ ಪಾದ್ರಿಯ ಉಚ್ಚಾರಣೆ ತಿದ್ದುತ್ತಿದ್ದಳು. ಫ್ರಾಂಗೂಲಿಸ್ ಚರ್ಚಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಝಾನಿಸ್ ಹೋಗಿ ಅವನೆದುರು ನಿಂತ. ಕಾಫಿ ಅಂಗಡಿಯ ಅರ್ಧ ಗಿರಾಕಿಗಳು ಅಂಗಳದಲ್ಲಿದ್ದರು. ಒಬ್ಬೊಬ್ಬರಾಗಿ ಇತ್ತ ತಿರುಗಿದರು. ತಮ್ಮ ಎದ್ದು ಹೋಗಲಿಲ್ಲ. ನೆಲ ನೋಡುತ್ತಲೇ ಮಾತಾಡಿದ.

‘ಭೂಶಿರ ದಾಟ್ದಾಗಿಂದ ನೋಡ್ತಿದ್ದೆ. ಕಂಬದ ಮೇಲೆ ಬಿಳಿ ಬಾವುಟ ಏರಿಸ್ಕೊಂಡು ನೀನು ಬರ್ತಿದ್ದೆ. ಕೇರಿಯೋರೆಲ್ಲ ನೋಡಿದ್ರು. ಒಂಬತ್ತು ವರ್ಷ ಆದ್ಮೇಲೆ ನಿಮ್ಮಣ್ಣ ಶರಣಾಗಿ ಬರ್ತಿದ್ದಾನೆ ಅಂದ್ರು. ಹೌದೇನೋ?’

ಅಂಗಳ ಕಿವಿಯಾಗಿ ಕಾಯುತ್ತಿತ್ತು. ಝಾನಿಸ್ ಮೊಣಕಾಲನ್ನು ಉಜ್ಜಿಕೊಂಡ.

‘ಬಟ್ಟೆ ಒದ್ದೆ ಇತ್ತು, ಒಣಗೋಕೆ ಹಾಕಿದ್ವಿ. ಸ್ವಲ್ಪ ಆ ಕಡೆ ಸರಿ, ಕೂತ್ಕೋತೀನಿ.’