ಮುಂತಜಾದ ಟೆರೇಸಿಗೆ ಬಂದ ಕಾಗೆ

ಮಕ್ಕಳೇ, ನಿಮ್ಮ ಅಜ್ಜನ ಮೊದಲ ವರ್ಷದ ತಿಥಿಗೆ ಬಂದ ಕಾಗೆ ಇಂಗ್ಲೆಂಡಿನದ್ದು. ನೀವು ಆಗ ತೀರ ಚಿಕ್ಕವರು, ಅದಕ್ಕೇ ನಿಮ್ಮ ಅಜ್ಜಿ ನಾನು ಬರೆದಿಡುತ್ತಿದ್ದೇನೆ.

ದೋಹಾದ ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡದಲ್ಲಿ ನಮ್ಮ ಎದುರು ಮನೆಯಲ್ಲಿ ವಯಸ್ಸಾದ ಇಂಗ್ಲಿಷಿನವರೊಬ್ಬರಿದ್ದರು. ತುಟಿ ಅಲ್ಲಾಡಿಸದೆ ಬೊಂಬೆಯನ್ನು ಮಾತಾಡಿಸುವುದು ಅವರ ಕಸುಬು. ಹುಡುಗರಾಗಿದ್ದಾಗ ತಮ್ಮೂರಿನ ಕಡಲತೀರಕ್ಕೆ ರಜೆಯಲ್ಲಿ ಬಂದವರನ್ನು ನಗಿಸುತ್ತಿದ್ದರಂತೆ. ಆಮೇಲೆ ಟಿವಿ. ಟಿವಿಯವರಿಗೆ ಸಾಕಾದ ಮೇಲೆ ಪ್ರವಾಸಿ ಹಡಗು. ಹಡಗಿನವರಿಗೂ ಸಾಕಾದ ಮೇಲೆ ಗಲ್ಫಿನ ಹೋಟೆಲು, ಮಾಲು, ಮಕ್ಕಳ ಬರ್ತ್‌ಡೇ. ಬೊಂಬೆ ಒಂದು ಕಪ್ಪು ಕಾಗೆ, ಮಹಾ ಬಾಯಿಬಡುಕ. “ಈ ಮನುಷ್ಯನ ಕೈ ಯಾವಾಗಲೂ ನನ್ನ ಹೊಟ್ಟೆಯೊಳಗೆ, ಸ್ವಲ್ಪವೂ ನಾಚಿಕೆಯಿಲ್ಲ” ಎಂದು ಲಿಫ್ಟಿನಲ್ಲಿ ದೂರು ಹೇಳುತ್ತಿತ್ತು. ನಿಮ್ಮ ಅಮ್ಮ ಅದನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಪರಗಂಡಸರ ಮುಖ ನೋಡಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಕಾಗೆಗೆ ಮಾತ್ರ ತಲೆಯಾಡಿಸುತ್ತಿದ್ದೆ.

ತಿಥಿಯ ದಿನ ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ, ಕೋಳಿ, ಅಜ್ಜನಿಗೆ ಪ್ರಾಣವಾದ ಹುರಿದ ಬಂಗುಡೆ ಮೀನು ಬಡಿಸಿ ಟೆರೇಸಿನಲ್ಲಿಟ್ಟೆವು. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಬಂದದ್ದು ಬರೀ ಪಾರಿವಾಳ. ಓಡಿಸಿ ಓಡಿಸಿ ನನ್ನ ಕೈ ಸೋತಿತು.

“ಅತ್ತೆ, ಪಾರಿವಾಳ ಆಗುದಿಲ್ವಾ? ನಂಗೆ ಡ್ಯೂಟಿಗೆ ಹೊತ್ತಾಯ್ತು ಮಾರಾಯ್ರೆ,” ಎಂದರು ನಿಮ್ಮ ಅಪ್ಪ.

“ಅಪ್ಪನಿಗೆ ನಮ್ಮ ಮೇಲೆ ಕೋಪ ಉಂಟಾ ಏನೋ,” ಎಂದಳು ಅಮ್ಮ.

“ಕೋಪ ಎಂತದ್ದು? ದಾರಿ ಸಿಕ್ಕಿರ್ಲಿಕ್ಕಿಲ್ಲ,” ಎಂದೆ. ಮಂಗಳೂರಿಗೆ ಹೊರಟರೂ ತಪ್ಪು ಬಸ್ಸು ಹತ್ತುತ್ತಿದ್ದ ಮನುಷ್ಯ, ದೋಹಾಕ್ಕೆ ಹೇಗೆ ಬಂದಾರು? ಬಾಯಿಗೆ ಹಾಗೆ ಬಂದರೂ ಮತ್ತೆ ಮತ್ತೆ ಆಕಾಶ ನೋಡಿದೆ. ಎಲೆ ಹಾಗೇ ಉಳಿದರೆ ಅವರು ಹಸಿದುಕೊಂಡೇ ತಿರುಗಬೇಕಲ್ಲ.

ಅಷ್ಟರಲ್ಲಿ ಇಂಗ್ಲಿಷಿನವರು ಒಣಗಿದ ಅಂಗಿ ತೆಗೆಯಲು ಮೇಲೆ ಬಂದರು. ಅಮ್ಮ ವಿಷಯ ಹೇಳಿದಳು. ಅವರು ನಗಲಿಲ್ಲ. ಕೆಳಗೆ ಹೋಗಿ ಕಾಗೆಯನ್ನು ಕೈಗೆ ಹಾಕಿಕೊಂಡು ಬಂದು ತುಟಿ ಬಿಗಿದು ನಿಂತರು.

ರಸ್ತೆಯಾಚೆ ಎಲ್ಲೋ ಕಾ ಎಂದಿತು. ತಿರುಗಿ ನೋಡಿದೆ. ಮತ್ತೆ ನೀರಿನ ಟ್ಯಾಂಕಿನ ಹಿಂದೆ. ಮತ್ತೆ ಮೆಟ್ಟಿಲಿನ ಹತ್ತಿರ. ಕೊನೆಗೆ ಅವರ ಕೈಯ ಮೇಲಿನ ಕಾಗೆ ಏದುಸಿರು ಬಿಡುತ್ತಾ ಕೊಕ್ಕು ತೆರೆಯಿತು.

“ಟ್ರಾಫಿಕ್! ಟ್ರಾಫಿಕ್!”

“ಎಷ್ಟು ತಡ ಮಾಡಿದ್ರಿ!” ಎಂದು ಗದರಿಬಿಟ್ಟೆ, ಇಂಗ್ಲಿಷಿನವರ ಎದುರಿನಲ್ಲೇ, ಸೆರಗು ಜಾರಿದ್ದೂ ತಿಳಿಯದೆ.

ಕಾಗೆ ಬಗ್ಗಿ ಬಂಗುಡೆಯನ್ನು ಕಚ್ಚಿತು. ಆದರೆ ಬಟ್ಟೆಯ ಗಂಟಲಲ್ಲಿ ಮೀನು ಇಳಿಯುವುದುಂಟೇ? ಬಾಲ ಹೊರಗೇ ನೇತಾಡುತ್ತಿತ್ತು. ಇಂಗ್ಲಿಷಿನವರು ಒಮ್ಮೆ ನನ್ನನ್ನು ನೋಡಿದರು, ಮೀನನ್ನು ಎಳೆದು ತಮ್ಮ ಬಾಯಿಗೇ ಹಾಕಿಕೊಂಡರು. ನಮ್ಮ ಮಸಾಲೆಯ ಖಾರಕ್ಕೆ ಅವರ ಮುಖ ಕೆಂಪಾಗಿ ಕಣ್ಣಲ್ಲಿ ನೀರಿಳಿಯಿತು. ತುಟಿ ಮಾತ್ರ ಕದಲಲಿಲ್ಲ. ಕೆಮ್ಮಿದ್ದು ಕಾಗೆ.

“ಅಮ್ಮ, ತಿಂದದ್ದು ಅವರಲ್ವಾ? ಇದು ಲೆಕ್ಕಕ್ಕೆ ಉಂಟಾ?” ನಿಮ್ಮ ಅಮ್ಮನಿಗೆ ಅನುಮಾನ.

“ಎಲೆ ಮುಟ್ಟಿದ್ದು ಕಾಗೆ. ನೀನು ಊಟಕ್ಕೆ ಬಡಿಸು,” ಎಂದೆ. “ಅವರಿಗೂ ಒಂದು ಎಲೆ ಹಾಕು. ಬಂಗುಡೆ ಇನ್ನೊಂದು ಇಡು. ನಿನ್ನ ಅಪ್ಪನಿಗೆ ಯಾವತ್ತು ಒಂದರಲ್ಲಿ ಸಾಕಾಗಿದೆ?”